ಹಬೆಯಲ್ಲಿ ಕೂತು ಔನೆ ಆಡಿದ ಮಾತು

ಸಾವೊ ಸೀಮೆಯ ನಮ್ಮ ಹಳ್ಳಿಯಲ್ಲಿ ಔನೆಯ ಮೂಗಿಗೆ ಹೆದರದವರಿಲ್ಲ. ಪುರಸಭೆಯ ನೌಕರಿಯಲ್ಲಿ ಮನೆಮನೆಗೆ ಹೋಗಿ, ಕೈಲಾಗದವರಿಗೆ ಅವರವರ ಸೌನಾದಲ್ಲೇ, ಕಾದ ಕಲ್ಲಿನ ಹಬೆ ತುಂಬುವ ಮರದ ಕೋಣೆಯಲ್ಲೇ, ಸ್ನಾನ ಮಾಡಿಸುತ್ತ ಅವಳ ಆಯುಷ್ಯದ ಬಹುಪಾಲು ಕಳೆದಿತ್ತು. ಬಾಗಿಲು ತೆರೆದ ಕೂಡಲೇ ನೆಲದಡಿ ನೀರು ನಿಂತಿದೆಯೋ, ಗೋಡೆಗೆ ಬೂಷ್ಟು ಹಿಡಿದಿದೆಯೋ ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಅವಳ ಮುಖ ಮುಚ್ಚಿಡುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, “ನೋಡಿದ್ದೆ ಒಬ್ಬನ್ನ. ಅವನ ಸೌನಾ ಇಲಿ ಸತ್ತ ಹಾಗೆ ನಾರ್ತಿತ್ತು” ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಅವಳ ತಂಗಿ ಸೈಮಿಗೆ ಸೊಂಟದ ಕೀಲು ಬದಲಾಯಿಸಿದರು. ಸೈಮಿಯ ಸೌನಾ ಇರುವುದು ಕೆರೆಯ ದಂಡೆಯಲ್ಲಿ, ಕಲ್ಲುಬಂಡೆಗಳ ನಡುವಿನ ಇಳಿಜಾರಿನ ತುದಿಗೆ. ಊರುಗೋಲು ಹಿಡಿದು ಅಲ್ಲಿಗೆ ಇಳಿಯುವುದು ಇನ್ನು ಆಗದ ಮಾತು. ವಾರಕ್ಕೊಮ್ಮೆ ಆರೋಗ್ಯ ಕೇಂದ್ರಕ್ಕೆ ಬಂದರೆ ಷವರ್ ಕೆಳಗೆ ಕೂರಿಸಿ ತೊಳೆಯುತ್ತೇವೆ ಎಂದು ನರ್ಸ್ ಹೇಳಿದ್ದಳು.

“ಬಿಳಿ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸ್ತಾರಂತೆ,” ಎಂದಳು ಸೈಮಿ. “ಅದಕ್ಕಿಂತ ಹೀಗೇ ಕೊಳೆತು ಹೋಗ್ತೀನಿ.”

ಹಿಮ ಬೀಳುವುದರೊಳಗೆ ಮನೆಬಾಗಿಲ ಪಕ್ಕದಲ್ಲೊಂದು ಸಿದ್ಧ ಸೌನಾ ತಂದಿಡಿಸಬೇಕು ಎಂದಾಯಿತು. ಇನ್ನೊಂದು ಕೊಳ್ಳುವ ಕಾಲ ಅವಳಿಗಿಲ್ಲ. ಕೊಂಡದ್ದರಲ್ಲೇ ಕೊನೆಯವರೆಗೂ ಮೀಯಬೇಕು. ಹಾಗಾಗಿ ಅಕ್ಕನನ್ನು ಕರೆದುಕೊಂಡು ಹೊರಟಳು.

ಹೋದ ಕಡೆಯಲ್ಲೆಲ್ಲ ಔನೆ ಮುಖ ಸಿಂಡರಿಸಿಕೊಂಡೇ ಬಂದಳು. ಒಂದರ ಹಲಗೆಗಳ ಸಂದಿಗೆ ಅವಳ ಬೆರಳೇ ಹೋಯಿತು. ಇನ್ನೊಂದರ ಒಳಗೋಡೆಗೆ ಪ್ಲೈವುಡ್ ಬಡಿದಿದ್ದರು. ಮೂಸಿ ನೋಡಿ, “ಚಪ್ಪಲಿ ಅಂಗಡಿ” ಎಂದು ಹೊರಬಂದಳು. ಮತ್ತೊಂದರ ಹೊರಮೈಗೆ ಥಳಥಳ ಬಣ್ಣ, ಕೆಳಗೆ ಬಗ್ಗಿ ನೋಡಿದರೆ ಆಗಲೇ ಕಪ್ಪಿಟ್ಟ ತೊಲೆ.

ಕೊನೆಗೆ ಹೆದ್ದಾರಿ ಪಕ್ಕದಲ್ಲಿ ಸೌನಾ ಮಾರುವ ಮೆರ್ಯಾ ಎಂಬಾಕೆಯ ಅಂಗಳಕ್ಕೆ ಬಂದರು. ಅಲ್ಲಿ ಯಾರನ್ನೂ ತಣ್ಣನೆಯ ಸೌನಾ ತೋರಿಸಿ ಕಳಿಸುವುದಿಲ್ಲ. ಪೀಪಾಯಿಯಂಥ ಸೌನಾವನ್ನು ಕಾಯಿಸಿಟ್ಟು, ಬಂದ ಹೆಂಗಸರೊಂದಿಗೆ ತಾನೂ ಬಟ್ಟೆ ಕಳಚಿ ಕೂರುತ್ತಾಳೆ; ಹೊರಬಂದ ಮೇಲೆ ಕಾಫಿ, ಸುಟ್ಟ ಸಾಸೇಜು. ಸೈಮಿಗೆ ಇದು ತುಂಬ ಹಿಡಿಸಿತು.

ನಮ್ಮಲ್ಲಿ ಸೌನಾದೊಳಗೆ ಯಾರೂ ದನಿ ಏರಿಸುವುದಿಲ್ಲ, ಕೊಂಕು ಮಾತಾಡುವುದಿಲ್ಲ. ಮನೆಯವರು ಹಬೆ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಎಂಬುದೊಂದೇ ಉತ್ತರ.

ಮೂವರೂ ಮೇಲಿನ ಹಲಗೆಯ ಮೇಲೆ ಕೂತರು. ಮೆರ್ಯಾ ಸೌಟಿನಲ್ಲಿ ಕಲ್ಲುಗಳ ಮೇಲೆ ನೀರು ಹೊಯ್ದಳು. ಔನೆಯ ಕಿವಿ ಸುಟ್ಟಿತು, ಪಾದ ಮಾತ್ರ ಥಂಡಿಯಾಗಿಯೇ ಇತ್ತು. ತೊಡೆಯ ಕೆಳಗೆ ಏನೋ ಜಿಗುಟು. ಆಮೇಲೆ ಕಾಲಡಿಯಿಂದ ನಿಂತ ನೀರಿನ ಹಳಸು ವಾಸನೆ, ಕಾದ ಅಂಟಿನ ಘಾಟಿನೊಡನೆ ಕಲೆತು ಮೇಲೆದ್ದಿತು. ಔನೆ ಮೂಗಿನತ್ತ ಎತ್ತಿದ ಕೈಯನ್ನು ಇಳಿಸಿ, ತುಟಿ ಬಿಗಿದು ಕೂತಳು.

“ಹೇಗಿದೆ ಹಬೆ?” ಮೆರ್ಯಾ ಮೆಲ್ಲಗೆ ಕೇಳಿದಳು.

“ತುಂಬಾ ಚೆನ್ನಾಗಿದೆ,” ಎಂದಳು ಸೈಮಿ.

“ಹಾಗಾದ್ರೆ ಮುಂದಿನ ವಾರಾನೇ ನಿಮ್ಮನೆ ಬಾಗಿಲಿಗೆ ಇಳಿಸ್ತೀವಿ,” ಎಂದು ಮೆರ್ಯಾ ಕೈ ಚಾಚಿದಳು.

ಕೈ ಕುಲುಕಿದರೆ ಮಾತು ಕೊಟ್ಟಂತೆ. ಸೈಮಿಯ ಕೈ ಮೇಲೇಳುತ್ತಿತ್ತು.

“ಕೈ ಇಳ್ಸು, ಸೈಮಿ,” ಎಂದಳು ಔನೆ.

“ಏ, ಸುಮ್ನಿರೇ. ಸೌನಾದಲ್ಲಿ ಕೂತಿದೀವಿ.”

“ಇದು ಸೌನಾ ಆಗಿದ್ರೆ ನಾನೂ ಸುಮ್ನೇ ಇರ್ತಿದ್ದೆ ಕಣೇ. ನಿನ್ನ ತೊಡೆ ಮುಟ್ಟಿ ನೋಡ್ಕೋ, ಗಂಟುಗಂಟು ಹಲಗೆಯಿಂದ ರಾಳ ಸುರೀತಿದೆ. ಸ್ಕ್ರೂನ ಮೇಲಿಂದ ಹೊಡ್ದಿದಾರೆ, ಒಲೆ ಇನ್ನಷ್ಟು ಕಾದ್ರೆ ಕುಂಡೆಗೆ ಬರೆ. ನೀರು ಹರಿಯೋಕೆ ನೆಲಕ್ಕೆ ವಾಟ ಇಲ್ಲ. ನಮಗಿಂತ ಮುಂಚೆ ಮಿಂದೋರ ಕೊಳೆಯೆಲ್ಲ ನಮ್ಮ ಕಾಲಡೀಲೇ ನಿಂತಿದೆ.”

ಮೆರ್ಯಾಳ ಮುಖ ಬಿಗಿಯಿತು. “ಹೊಸ ಮರ, ಸ್ವಲ್ಪ ಅಂಟು ಬಂದೇ ಬರುತ್ತೆ. ಆದ್ರೆ ಇಲ್ಲಿ ಕೂತು ಹೀಗೆಲ್ಲ ಮಾತಾಡಬಾರ್ದು ಅಂತ ನಿಮ್ಮಂಥ ಹಿರಿಯರಿಗೆ ನಾನು ಹೇಳ್ಬೇಕಾ?”

“ನಮ್ಮೋರು ಇಲ್ಲಿ ಬಾಯಿ ಬಿಡಲ್ಲ ಅಂತ ಗೊತ್ತಿರೋದ್ರಿಂದ್ಲೇ ತಾನೇ ಇಲ್ಲಿ ಕೂರ್ಸಿ ವ್ಯಾಪಾರ ಕೇಳೋದು ನೀವು? ಹೇಸಿಗೆ ಆಗಲ್ವಾ?”

ಸೈಮಿ ಗೋಡೆ ಹಿಡಿದುಕೊಂಡು ಇಳಿದಳು.

ಹೊರಗೆ ಬೆಂಚಿನ ಮೇಲೆ ಅವಳಿಗೆ ಬಗ್ಗಿ ಕಾಲುಚೀಲ ಹಾಕಿಕೊಳ್ಳಲಾಗಲಿಲ್ಲ. ಔನೆ ಮಂಡಿಯೂರಿ ಹಾಕಿದಳು. ಕಾಫಿ ಕಪ್ಪುಗಳು ಮುಂದೆ ತಣ್ಣಗಾಗುತ್ತಿದ್ದವು.

“ಅಮ್ಮ ಇದ್ದಿದ್ರೆ ನಿನ್ನ ಕಪಾಳಕ್ಕೆ ಬಿಟ್ಟಿರೋಳು,” ಎಂದಳು ಸೈಮಿ.

“ಬಿಡೋಳು. ಬಿಟ್ಟು, ಆಮೇಲೆ ಅವಳೇ ಹೋಗಿ ಆ ನೆಲದ ಹಲಗೆ ಕಿತ್ತು ನೋಡೋಳು.”

ಸೈಮಿ ತೊಡೆಯ ರಾಳವನ್ನು ಉಗುರಿನಿಂದ ಕೆರೆದಳು. ಅದು ಉಗುರಿಗೆ ಅಂಟಿತು, ಉಗುರಿನಿಂದ ಲಂಗಕ್ಕೆ. ಲಂಗ ಒರೆಸಿಕೊಳ್ಳುತ್ತ ಕೇಳಿದಳು: “ಹಿಮ ಬೀಳೋದ್ರೊಳಗೆ ಬೇರೆ ಸಿಗ್ಲಿಲ್ಲ ಅಂದ್ರೆ?”

“ಸಿಗದೇ ಇರಬಹುದು,” ಎಂದಳು ಔನೆ.

ಸೈಮಿ ಊರುಗೋಲು ಊರಿ ಎದ್ದು, ಸಾಸೇಜು ಹೊರಳಿಸುತ್ತಿದ್ದ ಮೆರ್ಯಾಳ ಬಳಿಗೆ ತಾನೇ ಹೋಗಿ, ಬೇಡವೆಂದು ಹೇಳಿ ಬಂದಳು.

ಹಿಮ ಬೇಗನೇ ಬಿತ್ತು. ನವೆಂಬರಿನಲ್ಲಿ ಪಕ್ಕದ ಊರಿನ ಬಡಗಿಯೊಬ್ಬ ಸೈಮಿಗೆ ಸೌನಾ ಕಟ್ಟಿಕೊಡಲು ಒಪ್ಪಿಕೊಂಡ. ತಾನು ಬೇರೆಯವರಿಗೆ ಕಟ್ಟುತ್ತಿದ್ದ ಸೌನಾದ ಅಡಿಗೆ ಔನೆ ಅಂಗಾತ ಮಲಗಿ ತೆವಳಿದಾಗ, ಅವಳು ಕೇಳುವ ಮೊದಲೇ ಟಾರ್ಚು ಕೊಟ್ಟವನು ಅವನೊಬ್ಬನೇ. ಆದರೆ ಕ್ರಿಸ್‌ಮಸ್‌ಗೆ ಮುಂಚೆ ಕೆಲಸ ಮುಗಿಯುವುದಿಲ್ಲ ಎಂದ.

ಅಲ್ಲಿಯವರೆಗೆ ಸೈಮಿ ಆರೋಗ್ಯ ಕೇಂದ್ರದ ಬಿಳಿ ಟೈಲ್ಸಿಗೆ ಹೋಗಲೇಬೇಕಾಯಿತು. ನಿವೃತ್ತಳಾಗಿದ್ದ ಔನೆ ಹಳೆಯ ಏಪ್ರನ್ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದಳು. ನರ್ಸನ್ನು ಹೊರಗೆ ಕಳಿಸಿ, ತಾನೇ ತಂಗಿಯ ಬೆನ್ನುಜ್ಜುತ್ತಿದ್ದಳು. ಔಷಧದ ಸೋಪಿನ ವಾಸನೆಗೆ ಇಬ್ಬರ ಮೂಗೂ ಒಂದೇ ರೀತಿ ಸೊಟ್ಟಗಾಗುತ್ತಿತ್ತು.

“ಇದೆಲ್ಲ ನಿನ್ನಿಂದ್ಲೇ,” ಎನ್ನುತ್ತಿದ್ದಳು ಸೈಮಿ, ಗೋಡೆಯ ಕಡೆ ಮುಖ ಮಾಡಿ. “ಗಟ್ಟಿಯಾಗಿ ಉಜ್ಜು.”

ಔನೆ ಗಟ್ಟಿಯಾಗಿ ಉಜ್ಜುತ್ತಿದ್ದಳು.