ಕನ್ನಡಿಯಲ್ಲಿ ಮಾಡಿದ ಸಮುದ್ರ

ಸಮುದ್ರವನ್ನೇ ಕಾಣದ ಮನೆಯವರು ನಾವು. ರಾಜಾಜಿನಗರದ ನಮ್ಮ ಬೀದಿಯವರೆಲ್ಲ ಹೆಚ್ಚುಕಡಿಮೆ ಹಾಗೇ. ಆದರೂ ಬಂದರುಗಳ ಬಗ್ಗೆ ನಮಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಒಂದೊಂದು ಊರಿಗೆ ಒಂದೊಂದು ಸಾಮಾನು ಗಂಟುಹಾಕಿಟ್ಟಿದ್ದೆವು. ಬಸ್ರಾ ಎಂದರೆ ಅಜ್ಜಿಯ ಕಿವಿಯ ಮುತ್ತು. ಏಡನ್ ಎಂದರೆ ಎದುರು ಮನೆಯಾಕೆ ಮೂರು ಮದುವೆಗಳಿಗೆ ಉಟ್ಟು ಮೆರೆದ ನೈಲಾನ್ ಸೀರೆ. ಕರಾಚಿ ಎಂದರೆ ಹಲ್ವ. ಬೊಂಬಾಯಿ ಎಂದರೆ ಸಿನಿಮಾದಲ್ಲಿ ಪಟ್ಟೆ ಬನಿಯನ್ನಿನ ಕೇಡಿಗಳು ಚಿನ್ನದ ಪೆಟ್ಟಿಗೆ ಇಳಿಸುವ ಜಾಗ. ಆ ಊರುಗಳಲ್ಲಿ ಜನ ಬಟ್ಟೆ ಒಗೆದು ಹರವುತ್ತಾರೆ, ಮಕ್ಕಳಿಗೆ ಜ್ವರ ಬರುತ್ತದೆ ಎಂಬುದು ನಮ್ಮ ತಲೆಗೆ ಹೊಳೆದದ್ದೇ ಇಲ್ಲ.

೧೯೭೧ರ ದಸರೆಗೆ ನಾನು ಪಿಯುಸಿಯಲ್ಲಿದ್ದೆ. ಎದುರು ಮನೆಯವರು ಪ್ರತಿವರ್ಷ ಗೊಂಬೆ ಕೂರಿಸಿದಾಗ ಕೆಳಗೊಂದು ಮೃಗಾಲಯ ಮಾಡಿ ಬೀಗುತ್ತಿದ್ದರು. ನಾನು ಸಮುದ್ರವನ್ನೇ ಮಾಡುತ್ತೇನೆಂದು ಹಟ ಹಿಡಿದೆ. ಬೀರುವಿನ ಹಳೇ ಕನ್ನಡಿಯನ್ನು ನೆಲಕ್ಕೆ ಹಾಸಿ, ಸುತ್ತ ಮರಳು ಸುರಿದು, ಬೆಂಕಿಪೊಟ್ಟಣದ ಮನೆಗಳನ್ನಿಟ್ಟೆ. ಭೂಪಟ ನೋಡಿಕೊಂಡು ಮಂಗಳೂರು, ಬೊಂಬಾಯಿ, ಕರಾಚಿ, ಮಸ್ಕತ್, ಏಡನ್ ಎಂದು ಚೀಟಿ ಚುಚ್ಚಿದೆ.

ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಹೊಲಿಗೆ ಟೀಚರ್ ಇದ್ದರು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದುಕೊಂಡು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದವರು. ಅವರ ತಂದೆ ಕರಾಚಿ ಬಂದರಿನಲ್ಲಿ ಗುಮಾಸ್ತರಾಗಿದ್ದರಂತೆ. ದೇಶ ಭಾಗವಾದಾಗ ಇವರು ಈ ಕಡೆಗೆ ಬಂದರು. ಅಕ್ಕನನ್ನು ಅಲ್ಲಿನ ಗುಜರಾತಿ ಮನೆತನಕ್ಕೆ ಕೊಟ್ಟಿದ್ದರಿಂದ, ಗಂಡನ ಮನೆಯ ಅಂಗಡಿ ಬಿಟ್ಟು ಬರಲಾರದೆ ಆಕೆ ಅಲ್ಲೇ ಉಳಿದರು.

ಟೀಚರ್ ನನ್ನ ಕನ್ನಡಿಯ ಮುಂದೆ ನೆಲದ ಮೇಲೆ ಕೂತುಬಿಟ್ಟರು. "ಇಷ್ಟು ದೂರ ದೂರ ಯಾಕೆ ಇಟ್ಟಿದೀಯ? ನಿಮಗೆ ಇವೆಲ್ಲ ಬೇರೆ ಬೇರೆ ದೇಶ. ನಮಗೆ ಒಂದೇ ಬೀದಿ ಮನೆಗಳಿದ್ದ ಹಾಗೆ. ಎಲ್ಲಿ ಇಳಿದ್ರೂ ಅದೇ ಒಣಮೀನಿನ ವಾಸನೆ, ಅದೇ ಬೈಗುಳ," ಎಂದರು. ಆಮೇಲೆ ಅಮ್ಮನ ಮುಲಾಮಿನ ಖಾಲಿ ಡಬ್ಬಿಗಳನ್ನು ಕೇಳಿ ತೆಗೆದುಕೊಂಡು ಕರಾಚಿಯ ದಡದಲ್ಲಿ ಸಾಲಾಗಿ ಇಟ್ಟರು. "ಇವು ಎಣ್ಣೆ ಟ್ಯಾಂಕುಗಳು." ಡಬ್ಬಿಗಳ ಹಿಂದೆ ಒಂದು ಬೆಂಕಿಪೊಟ್ಟಣ ಇಟ್ಟು ಬೆರಳಿಂದ ಮೆಲ್ಲಗೆ ಒತ್ತಿದರು. "ಇದು ನಮ್ಮಕ್ಕನ ಮನೆ."

ಬಾಗಿಲಲ್ಲಿ ನಿಂತಿದ್ದ ಎದುರು ಮನೆಯ ಯಜಮಾನರು, "ಎಲ್ಲ ಅಂಗೈ ಗೆರೆ ಥರ ಗೊತ್ತಲ್ಲ ಟೀಚರೇ ನಿಮಗೆ," ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಆದರೆ ಬಂದವರೆಲ್ಲ ನನ್ನ ಬಂದರನ್ನು ಹೊಗಳುತ್ತಿದ್ದರು. ಆ ಖುಷಿಯಲ್ಲಿ ಅದನ್ನು ಮರೆತೆ.

ದೀಪಾವಳಿ ಕಳೆಯುವಷ್ಟರಲ್ಲಿ ಯುದ್ಧದ ಮಾತು ಶುರುವಾಯಿತು. ವೈರಿ ವಿಮಾನಗಳಿಗೆ ಬೆಳಕು ಕಾಣದಿರಲೆಂದು ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿದೆವು. ಬಾಂಬು ಬಿದ್ದರೆ ಅಡಗಿಕೊಳ್ಳಲು ಶಾಲೆಯ ಮೈದಾನದಲ್ಲಿ ಹಳ್ಳ ತೋಡಿದರು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ನಮ್ಮಪ್ಪನಿಗೆ ಬೀದಿಯ ದೀಪಗಳನ್ನು ಆರಿಸುವ ಉಸ್ತುವಾರಿ ಸಿಕ್ಕಿ, ಕೊರಳಿಗೊಂದು ಸೀಟಿ ಬಂತು. ಅಪ್ಪ ಎಲ್ಲರ ಮನೆಗೂ ಒಂದು ಸಲ ಹೋಗಿ ಎಚ್ಚರಿಸಿದರೆ ಟೀಚರ್ ಮನೆಗೆ ಮೂರು ಸಲ ಹೋದರು. ಅವರ ಕಿಟಕಿಯಲ್ಲಿ ಸೂಜಿಮೊನೆಯಷ್ಟು ಬೆಳಕೂ ಕಾಣುತ್ತಿರಲಿಲ್ಲ. ಟೀಚರ್ ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುವುದನ್ನು ಬೀದಿಯೆಲ್ಲ ಗಮನಿಸತೊಡಗಿತು.

ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಅಂಗಳ ಸಾರಿಸಿ ರಂಗೋಲಿಗೆ ಕೂತಿದ್ದೆ. ಒಳಗಿಂದ ಅಪ್ಪ ರೇಡಿಯೋ ಜೋರು ಮಾಡಿದರು. ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿತ್ತು. ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿಯುತ್ತಿದ್ದವು. ಜನ ಮನೆಗಳಿಂದ ಹೊರಗೆ ಬಂದು ಕೈಕುಲುಕಿದರು. ಎದುರು ಮನೆಯವರು ಸಕ್ಕರೆ ಹಂಚಿದರು. ಬಂದರು ಎಲ್ಲಿ, ಟ್ಯಾಂಕು ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾಗ ನಾನು, "ನಂಗೊತ್ತು," ಎಂದೆ.

ರಂಗೋಲಿ ಪುಡಿಯಲ್ಲೇ ಬರೆದು ತೋರಿಸಿದೆ. ದಡದ ಗೆರೆ ಎಳೆದೆ, ಟ್ಯಾಂಕುಗಳಿಗೆ ಸುತ್ತು ಹಾಕಿದೆ, ಬೆಂಕಿಗೆಂದು ಕುಂಕುಮವನ್ನೂ ಉದುರಿಸಿದೆ. ಜನ ಬಗ್ಗಿ ನೋಡುತ್ತಿದ್ದರು. ಅಪ್ಪನ ಮುಖ ಅರಳಿತ್ತು. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಟ್ಯಾಂಕುಗಳ ಹಿಂದೆ ಒಂದು ಸಣ್ಣ ಚೌಕವನ್ನೂ ಬರೆದುಬಿಟ್ಟೆ.

"ಇದೇನಮ್ಮ, ಈ ಪುಟ್ಟದು?" ಎಂದು ಯಾರೋ ಕೇಳಿದರು.

ತಲೆ ಎತ್ತಿದೆ. ಗುಂಪಿನ ಹಿಂದೆ ಟೀಚರ್ ನಿಂತಿದ್ದರು, ಕೈಯಲ್ಲಿ ಹಾಲಿನ ಬಾಟ್ಲಿ. ಟೀಚರ್ ನನ್ನನ್ನು ನೋಡಲಿಲ್ಲ, ಚೌಕವನ್ನು ನೋಡುತ್ತಿದ್ದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಗಾಳಿ ಯಾವ ಕಡೆಗಿದೆ ಅಂತ ರೇಡಿಯೋದಲ್ಲಿ ಹೇಳಿದ್ರಾ?"

"ಗಾಳಿನಾ? ಅದ್ಯಾಕೆ ಟೀಚರೇ?"

"ಬೆಂಕಿ ನೀರಿನ ಕಡೆಗೆ ಹೋಗತ್ತೋ ಮನೆಗಳ ಕಡೆಗೋ ಅಂತ."

ಗಾಳಿಗೆ ದಿಕ್ಕಿರುತ್ತದೆ ಎಂಬುದನ್ನು ನಮ್ಮ ಬೀದಿಯವರು ಯೋಚಿಸಿಯೇ ಇರಲಿಲ್ಲ. "ಡಿಸೆಂಬರಲ್ಲಿ ನೀರಿನ ಕಡೆಗೇ ಬೀಸೋದು," ಎಂದು ತಮಗೆ ತಾವೇ ಹೇಳಿಕೊಂಡು ಟೀಚರ್ ಹೊರಟುಹೋದರು. ಬೆಂಕಿ ಇನ್ನೂ ಆರಿಲ್ಲವೆಂದು ರೇಡಿಯೋ ಮಾರನೆಯ ದಿನವೂ ಹೇಳಿತು.

ಅದೇ ವಾರ ಅವರ ಮನೆಗೆ ವಿಚಾರಣೆಗೆಂದು ಇಬ್ಬರು ಪೊಲೀಸರು ಬಂದು, ಅಕ್ಕನ ಹಳೆಯ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋದರು. ಪೊಲೀಸರಿಗೆ ಯಾರು ಸುಳಿವು ಕೊಟ್ಟರೆಂದು ನಾನು ಅಪ್ಪನನ್ನು ಕೇಳಲಿಲ್ಲ. ಕೇಳಿದ್ದರೆ ಅವರು ನನ್ನ ಚಿತ್ರದ ಮಾತೆತ್ತುತ್ತಿದ್ದರು. ಹೊಲಿಗೆಗೆ ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಯುದ್ಧ ಮುಗಿಯಿತು, ಆದರೆ ಆ ಕಡೆಯ ಅಂಚೆ ತೆರೆಯಲಿಲ್ಲ. ಯುಗಾದಿಗೆ ಮೊದಲು ಟೀಚರ್ ಮನೆ ಖಾಲಿ ಮಾಡಿದರು. ಬೊಂಬಾಯಿಗೆ ಹೋದರೆ ಯಾವುದಾದರೂ ಹಡಗಿನವರ ಬಾಯಲ್ಲಿ ಅಕ್ಕನ ಸುದ್ದಿ ಸಿಗಬಹುದು ಎಂದು ಅಮ್ಮನಿಗೆ ಹೇಳಿದ್ದರಂತೆ. ಆ ಸುದ್ದಿ ಸಿಕ್ಕಿತೋ ಇಲ್ಲವೋ ನಮಗೆ ಕೊನೆಗೂ ತಿಳಿಯಲಿಲ್ಲ.

ಹೊರಡುವ ದಿನ ಹೊಲಿಗೆ ಯಂತ್ರವನ್ನು ಗಾಡಿಗೆ ಏರಿಸಲು ನಾನೂ ಕೈ ಹಾಕಿದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದವಳು ಯಂತ್ರಕ್ಕೆ ಹಗ್ಗ ಬಿಗಿಯುತ್ತ ನಿಂತೆ. ಕೊನೆಗೆ ಅವರೇ ಮಾತಾಡಿದರು.

"ಅವತ್ತು ಅಕ್ಕನ ಮನೆ ಬರೀವಾಗ ನಿಂಗೇನೂ ಅನ್ನಿಸ್ಲಿಲ್ವೇನೇ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ನಾನು, "ಇಲ್ಲ ಟೀಚರ್, ಏನೂ ಅನ್ನಿಸ್ಲಿಲ್ಲ," ಎಂದೆ.

ಅದು ಸುಳ್ಳು. ಬರೆಯುವಾಗ ನನಗೆ ತುಂಬಾ ಸಂತೋಷವಾಗಿತ್ತು.