ಹಿಡಿದು ಬಿಟ್ಟ ಮೀನು

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ. ಅಂಡಮಾನಿಗೆ ಹೋಗಿ ಬಂದು ಎರಡು ವರ್ಷವಾಗುತ್ತ ಬಂತು, ಇನ್ನೂ ಇಳಿದಿಲ್ಲ. ಅಂಡಮಾನ ಹೆಂಗಿತ್ರಿ ವೈನಿ ಎಂದು ಯಾರಾದರೂ ಕೇಳಿದರೆ, ಛಲೋ ಇತ್ರಿ ಎಂದು ಚಹಾ ಇಡುವ ನೆಪ ಮಾಡಿ ಒಳಗೆ ಎದ್ದು ಹೋಗುತ್ತೇನೆ.

ಆ ವರ್ಷ ದ್ರಾಕ್ಷಿ ಮುಗಿದ ಮೇಲೆ ನಮ್ಮ ಯಜಮಾನರೂ ಅವರ ಮೂವರು ಗೆಳೆಯರೂ ಹೆಂಡಂದಿರನ್ನು ಕರೆದುಕೊಂಡು ಸಮುದ್ರ ನೋಡಿ ಬರುವುದೆಂದು ಠರಾಯಿಸಿದರು. ಎಲ್ಲರೂ ಉಗಾರ, ಕಾಗವಾಡ ಕಡೆಯ ಜೈನರು, ಕಬ್ಬು ದ್ರಾಕ್ಷಿ ಮಾಡುವವರು. ಅತ್ತೆಯವರು ಬರಲಿಲ್ಲ. ನಾವು ತಿರುಗಿ ಬರುವ ವಾರಕ್ಕೇ ಮುನಿ ಮಹಾರಾಜರು ಊರಿಗೆ ಬರುವವರಿದ್ದರು. ತಮ್ಮ ಮನೆಯಲ್ಲಿ ಒಮ್ಮೆಯಾದರೂ ಮಹಾರಾಜರಿಗೆ ಆಹಾರ ಕೊಡಬೇಕೆಂಬುದು ಅತ್ತೆಯವರ ಬಹಳ ವರ್ಷಗಳ ಆಸೆ. ಮಡಿಯಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ನಿಂತರೆ ನಿಂತರು, ಇಲ್ಲದಿದ್ದರೆ ಮುಂದಿನ ಮನೆಗೆ ಹೋದರು. ಮೂರು ಸಲ ಹಾಗೆಯೇ ಮುಂದೆ ಹೋಗಿದ್ದರು. ಈಗ ಅತ್ತೆಯವರ ಕೈ ನಡುಗುತ್ತವೆ, ಕಲಶ ಹಿಡಿಯಬೇಕಾದವರು ನಾವಿಬ್ಬರು. ಹೊರಡುವ ದಿನ ಅವರು ಹೇಳಿದ್ದು ಇಷ್ಟೇ: “ಹೊರಗ ಹೊಂಟೀರಿ, ನೇಮ ಕೆಡಿಸಿಕೊಂಡ ಬರಬ್ಯಾಡ್ರಿ. ನನಗ ಇದೊಂದ ಆಸೆ ಉಳದೈತಿ.”

ನೇಮದ ವಿಷಯದಲ್ಲಿ ನಮ್ಮ ಯಜಮಾನರೇನು ಕಡಿಮೆಯವರಲ್ಲ. ನೀರು ಸೋಸುವ ಅರಿವೆ ಇಟ್ಟುಕೊಂಡೆಯಾ ಎಂದು ನನ್ನನ್ನು ನಾಲ್ಕು ಸಲ ಕೇಳಿದರು. ಹೋಟೆಲಿನ ನಲ್ಲಿಗೆ ನಾನು ಅರಿವೆ ಕಟ್ಟಿ, ಸೋಸಿದ ಮೇಲೆ ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅರಿವೆಯನ್ನು ತಿರುವಿ ಜಾಲಿಸಿ, ಆ ನೀರನ್ನು ಹೋಟೆಲಿನ ಹಿಂದಿದ್ದ ಬಾವಿಗೆ ಬಿಟ್ಟು ಬರುತ್ತಿದ್ದೆ. ಅಲ್ಲಿ ಐದು ಗಂಟೆ ದಾಟಿದರೆ ಹೊತ್ತು ಮುಳುಗುತ್ತದೆ. ಕತ್ತಲಾದ ಮೇಲೆ ನಾವು ಉಣ್ಣುವುದಿಲ್ಲವಲ್ಲ, ನಾಲ್ಕೂವರೆಗೇ ಎಲ್ಲರನ್ನೂ ಊಟಕ್ಕೆ ಕೂಡಿಸುತ್ತಿದ್ದರು. ಎಂಥಾ ಧರ್ಮವಂತ ಗಂಡ ಎಂದು ನಾನೂ ಹಿಗ್ಗಿದ್ದೆ, ಮಳ್ಳಿ.

ಎರಡನೆಯ ದಿನ ದಂಡೆಯಲ್ಲಿ ಒಬ್ಬ ಮೊಣಕಾಲುಮಟ ತೆರೆಗಳಲ್ಲಿ ನಿಂತು, ಉದ್ದನೆಯ ಕೋಲು ಬೀಸಿ ತೆರೆಗಳಾಚೆ ಗಾಳ ಎಸೆಯುತ್ತಿದ್ದ. ನಮ್ಮವರು ಪ್ಯಾಂಟು ಮಡಚಿ ಅವನ ಪಕ್ಕಕ್ಕೆ ನಿಂತರು. ಸಮುದ್ರ ನೋಡುತ್ತಿದ್ದಾರೆ ಅಂದುಕೊಂಡೆ. ನಾನು ಕಪ್ಪೆಚಿಪ್ಪು ಆರಿಸಿಕೊಂಡು ತಿರುಗಿ ಬರುವಷ್ಟರಲ್ಲಿ ಕೋಲು ಇವರ ಕೈಯಲ್ಲಿತ್ತು. ಸುಮ್ಮನೆ ಹಿಡಿದು ನೋಡಿದೆ ಅಂದರು. ನಂಬಿದೆ.

ಮರುದಿನ ಹವಳ ತೋರಿಸುತ್ತಾರೆಂದು ಬೋಟು ಗೊತ್ತುಮಾಡಿದರು. ಉಳಿದ ಹೆಂಗಸರು ತೆರೆಗೆ ಹೆದರಿ ದಂಡೆಯಲ್ಲೇ ಉಳಿದರು, ನಾನೊಬ್ಬಳೇ ಹತ್ತಿದೆ. ಬೋಟಿನ ಹಿಂದುಗಡೆ ಸಾಲಾಗಿ ಗಾಳದ ಕೋಲು ನಿಲ್ಲಿಸಿದ್ದನ್ನು ಕಂಡಾಗ ದಂಡೆ ದೂರವಾಗಿತ್ತು. ಇಡೀ ದಿನದ ಬೋಟು, ಮೀನು ಹಿಡಿಯಲಿಕ್ಕೆಂದೇ ಗೊತ್ತುಮಾಡಿದ್ದು. ಗೆಳೆಯರು ಕಿಸಿಕಿಸಿ ನಗುತ್ತಿದ್ದರು. ಇವರು ನನ್ನ ಕಡೆ ನೋಡಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಇವರ ಗಾಳಕ್ಕೆ ಏನೋ ಬಿತ್ತು. ದಾರ ಸರ್ರೆಂದು ಓಡಿತು. ಗಡಿಬಿಡಿಯಲ್ಲಿ ಬರಿಗೈಯಲ್ಲೇ ಹಿಡಿಯಲು ಹೋಗಿ ಅಂಗೈ ಸೀಳಿಕೊಂಡರು, ಆದರೂ ಬಿಡಲಿಲ್ಲ. ಎಷ್ಟೋ ಹೊತ್ತು ಎಳೆದಾಡಿ ಮೇಲೆತ್ತಿದರು. ನನ್ನ ತೋಳಿನಷ್ಟು ಉದ್ದದ ಬೆಳ್ಳನೆಯ ಮೀನು, ಬಾಯಿ ಹರಿದಿತ್ತು. ಅದನ್ನು ಎದೆಗವಚಿಕೊಂಡು ಇವರು ಫೋಟೊಕ್ಕೆ ನಿಂತರು. ಮಗ ಹುಟ್ಟಿದ ದಿನವೂ ಆ ಮುಖದಲ್ಲಿ ಅಷ್ಟು ಖುಷಿ ನೋಡಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಏನ್ರಿ ಇದು ಅಂದೆ.

“ನಾ ಏನ ತಿನ್ನಾಂವ ಅದೇನೇನ? ಬಿಡಾಂವ ಅದೇನಿ,” ಅಂದರು.

“ತಿನ್ನಂಗಿಲ್ಲ ಅಂದ್ರ ಹಿಡದದ್ದ ಯಾಕ್ರಿ?”

ಬೋಟಿನವನು ತಾನು ಮನೆಗೆ ಒಯ್ಯಲೇ ಎಂದು ಹಿಂದಿಯಲ್ಲಿ ಕೇಳಿದ. ಕೊಲ್ಲಬಾರದು, ಪಾಪ ಬರುತ್ತದೆ ಎಂದು ಇವರು ಅವನಿಗೇ ಬುದ್ಧಿ ಹೇಳಿ ಮೀನನ್ನು ನೀರಿಗೆ ಬಿಟ್ಟರು. ಅದು ಮಗ್ಗಲಾಗಿ ತೇಲಿತು, ಆಮೇಲೆ ಕೆಳಗಿಳಿಯಿತು. ಬದುಕಿತೋ ಇಲ್ಲವೋ ದೇವರಿಗೇ ಗೊತ್ತು. ಹೊಟ್ಟೆಪಾಡಿಗೆ ಹಿಡಿಯುವ ಆ ಮನುಷ್ಯನ ಮೇಲೆ ನನಗೆ ಚೂರೂ ಸಿಟ್ಟು ಬರಲಿಲ್ಲ. ಒಂದು ಜೀವದ ಬಾಯಿ ಹರಿದು ಆಟವಾಡಿ, ಮೇಲೆ ಅವನಿಗೆ ಪಾಪಪುಣ್ಯ ಕಲಿಸುವವರನ್ನು ಕಂಡು ಮೈಯೆಲ್ಲ ಉರಿಯಿತು. ಇನ್ನೂ ಎರಡು ಹಿಡಿದರು. ಆಮೇಲೆ ಗಡಿಯಾರ ನೋಡಿಕೊಂಡು, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು, ಬೋಟು ತಿರುಗಿಸು ಅಂದರು. ಆ ದಿನ ನಾನು ಉಣ್ಣಲಿಲ್ಲ.

ಊರಿಗೆ ಬಂದಾಗ ಅತ್ತೆಯವರು ಮೊದಲು ನೋಡಿದ್ದು ಆ ಅಂಗೈ. ಬೋಟಿನ ಹಗ್ಗ ತಾಗಿತು ಅಂದರು ಇವರು. ಪಾಪ, ಅತ್ತೆ ಅರಿಷಿಣ ಹಚ್ಚಿದರು. ಮಹಾರಾಜರು ಬರುವ ಹಿಂದಿನ ದಿನ ನಾನು ಇವರಿಗೆ ಖಡಾಖಡಿ ಹೇಳಿದೆ: ಮೀನು ಹಿಡಿದ ಕೈಯಲ್ಲಿ ನೀವು ಕಲಶ ಹಿಡಿಯಬೇಡಿ, ನಿಮ್ಮ ಜೋಡಿ ನಾನು ನಿಲ್ಲುವುದಿಲ್ಲ.

“ಹಂಗಾದ್ರ ಅವ್ವಗ ನೀನ ಹೇಳು,” ಅಂದರು.

ಹೇಳಿಯೇಬಿಡುತ್ತೇನೆಂದು ಅಡುಗೆಮನೆಗೆ ಹೋದೆ. ಅತ್ತೆಯವರು ಮರುದಿನದ ಗೋಧಿ ಹಸನು ಮಾಡುತ್ತಿದ್ದರು. ನಡುಗುವ ಕೈಯಿಂದ ಒಂದೊಂದೇ ಕಾಳು. ಬಾ, ಕೂಡು ಅಂದರು. ಕೂತು ನಾನೂ ಗೋಧಿ ಹಸನು ಮಾಡಿದೆ.

ಬೆಳಿಗ್ಗೆ ನಾವಿಬ್ಬರೂ ಕಲಶ ಹಿಡಿದು ಬಾಗಿಲಲ್ಲಿ ನಿಂತೆವು, ಅತ್ತೆಯವರು ಹಿಂದೆ. ಮಹಾರಾಜರು ಓಣಿಯಲ್ಲಿ ಬಂದರು, ಎರಡು ಮನೆ ದಾಟಿದರು, ನಮ್ಮ ಮುಂದೆ ನಿಂತರು. ಅವರಿಗೆ ಮೂರು ಸುತ್ತು ಬಂದು ನಮಸ್ಕರಿಸಿದೆವು. ಇನ್ನು ನಮ್ಮ ಶುದ್ಧಿಯನ್ನು ನಾವೇ ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲೆಯೇ ಅವರು ಒಳಗೆ ಬರುವುದು. ಇವರು ಶುರುಮಾಡಿದರು. ಮನಶುದ್ಧಿ ಅಂದರು, ವಚನಶುದ್ಧಿ ಅಂದರು, ಅಲ್ಲಿಗೇ ನಿಲ್ಲಿಸಿಬಿಟ್ಟರು. ಕಲಶದ ಸುತ್ತ ಹಿಡಿದ ಅಂಗೈಯ ಗಾಯ ನನಗೆ ಕಾಣುತ್ತಿತ್ತು. ಮಹಾರಾಜರು ಕಾಯುತ್ತಿದ್ದರು. ಹಿಂದೆ ಅತ್ತೆಯವರ ಬಳೆ ಸದ್ದು ಮಾಡುತ್ತಿದ್ದವು.

“ಕಾಯಶುದ್ಧಿ, ಆಹಾರ ಜಲ ಶುದ್ಧ,” ಎಂದು ನಾನು ಹೇಳಿದೆ. ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ.

ಮಹಾರಾಜರು ಒಳಗೆ ಬಂದರು, ಆಹಾರ ತೆಗೆದುಕೊಂಡರು. ಅವರು ಹೋದ ಮೇಲೆ ಅತ್ತೆಯವರು ಅಳುತ್ತ ನನ್ನ ಎರಡೂ ಕೈ ಹಿಡಿದುಕೊಂಡರು. “ಅವನ ಬಾಯಿ ಕಟ್ಟಿತ್ತು. ನಿನ್ನ ಮಾತಿನ ಮ್ಯಾಲ ಅವರು ಒಳಗ ಬಂದ್ರವ್ವ,” ಅಂದರು.

ಹೌದ್ರಿ ಅಂದೆ. ಅವರು ಕೈ ಬಿಡಲಿಲ್ಲ.