ಗದಗಿನ ಗೇಟಿನಲ್ಲಿ ಕೊಟ್ಟ ಟಿಕೆಟ್

"ಯಾರ ಹೇಳ್ಯಾರ ಬೇ ನಿನಗ, ತಿಕೀಟ ಇಲ್ಲೇ ಕೊಡಂತ?"

ಚಹಾ ಕುಡಿದು ಮರಳಿ ಒಳಗೆ ಹೊರಟಾಗ ಗದಗ ಸ್ಟೇಷನ್ನಿನ ಗೇಟಿನಲ್ಲಿ ಟಿ.ಸಿ. ಹೀಗೆ ಕೇಳಿದ್ದು ನನ್ನ ಜೊತೆಗಿದ್ದ ಅಜ್ಜಿಯನ್ನು. ಹೇಳಿದವನು ನಾನೇ. ಬಾದಾಮಿಯಿಂದ ಬರುವಾಗ ಗಾಡಿಯಲ್ಲಿ ಪರಿಚಯವಾಗಿದ್ದ ಆಕೆಯನ್ನು ಚಹಾ ಕುಡಿಸಲು ಹೊರಗೆ ಕರೆದೊಯ್ಯುವಾಗ, ನನ್ನ ಟಿಕೆಟ್ಟಿನೊಂದಿಗೆ ಆಕೆಯದನ್ನೂ ಕೊಡಿಸಿದ್ದೆ. ನನ್ನ ಪ್ರಯಾಣ ಅಲ್ಲಿಗೇ ಮುಗಿದಿತ್ತು. ಆಕೆಯದು ಹುಬ್ಬಳ್ಳಿಯವರೆಗಿನ ಟಿಕೆಟ್; ಅದನ್ನು ನಾನು ಓದಿ ನೋಡಿರಲಿಲ್ಲ. ಆಗ ಗದಗಿನಲ್ಲಿ ಮೀಟರ್ ಗೇಜಿನ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಬೇಕಿತ್ತು. ಗಾಡಿ ಬದಲಾದರೆ ಟಿಕೆಟ್ಟೂ ಬೇರೆ ಎಂದೇ ನಾನು ತಿಳಿದಿದ್ದೆ.

ಹುಬ್ಬಳ್ಳಿ ಗಾಡಿ ಹೊರಡುವುದರಲ್ಲಿತ್ತು. ಅಲ್ಲಿ ದವಾಖಾನೆಯಲ್ಲಿ ಅಜ್ಜಿಯ ಮಗಳಿಗೆ ಹೆರಿಗೆಯಾಗಿತ್ತು.

ಅಜ್ಜಿ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಟಿ.ಸಿ.ಗೆ ಹೇಳಿದಳು: "ಯಾರೂ ಹೇಳಿಲ್ಲೋ ಯಪ್ಪಾ, ನನಗ ತಿಳೀಲಿಲ್ಲ. ನನ್ನ ತಿಕೀಟಕ್ಕ ಬೀರಪ್ಪನ ಭಂಡಾರ ಹತ್ತೇತಿ ನೋಡು."

ಕೂಸಿನ ಹಣೆಗೆ ಹಚ್ಚಲೆಂದು ಬೀರಪ್ಪನ ಗುಡಿಯಿಂದ ತಂದಿದ್ದ ಭಂಡಾರದ ಅರಿಶಿನ ಆಕೆಯ ಸೆರಗಿನ ಗಂಟಿನಲ್ಲಿತ್ತು. ಟಿಕೆಟ್ಟನ್ನೂ ಅದರಲ್ಲೇ ಕಟ್ಟಿಕೊಂಡು ಬಂದಿದ್ದಳು. ಟಿ.ಸಿ. ತಾನು ಇಸಿದುಕೊಂಡಿದ್ದ ಟಿಕೆಟ್‌ಗಳನ್ನೆಲ್ಲ ಮೇಜಿನ ಮೇಲೆ ಸುರಿದ. ಒಂದೇ ಒಂದು ಹಳದಿಯಾಗಿತ್ತು. ಅದನ್ನು ಓದಿ ನೋಡಿ, ಹುಬ್ಬಳ್ಳಿ ಮುಟ್ಟುವ ತನಕ ಯಾರ ಕೈಗೂ ಕೊಡಬೇಡವೆಂದು ಹೇಳಿ ಆಕೆಯ ಕೈಯಲ್ಲಿಟ್ಟ. ಅಜ್ಜಿ ಗಂಟು ಬಿಚ್ಚಿ ಅವನ ಹಣೆಗೆ ಭಂಡಾರ ಹಚ್ಚಿದಳು. ಗಾಡಿಯತ್ತ ಹೊರಟವಳು ನಿಂತು, ನನಗೂ ಹಚ್ಚಿದಳು.

ಟಿಕೆಟ್ ಹುಡುಕಿಕೊಟ್ಟವನಿಗೆ ಹಚ್ಚಿದ್ದು ಸರಿ. ಅದನ್ನು ಕಳೆದ ನನ್ನ ಹಣೆಯನ್ನೂ ಆ ಭಂಡಾರ ಕೂಸಿನ ಹಣೆಗಿಂತ ಮೊದಲೇ ಮುಟ್ಟಿತ್ತು. ಮನೆ ಸೇರುವವರೆಗೂ ನಾನು ಅದನ್ನು ಒರೆಸಿಕೊಳ್ಳಲಿಲ್ಲ.